ಫಿಲ್ಟರ್ ಮಾಡಿದ ಸಾಲುಗಳು ವೆಬ್ ಪುಟದಲ್ಲಿ ಕಾಣದಿರುವುದು

ಡೇಟಾಬೇಸಿನಿಂದ ಷರತ್ತು ಹಾಕಿ ಆರಿಸಿದ ಸಾಲುಗಳು ಟೆಂಪ್ಲೇಟಿನ ಮೂಲಕ ವೆಬ್ ಪುಟಕ್ಕೆ ಬರಬೇಕಾದಲ್ಲಿ ಬಾರದೆ ಹೋಗುವ ದೋಷ. ವೆಬ್ ಅಪ್ಲಿಕೇಶನ್ ಬರೆಯುವವರಲ್ಲಿ ಇದನ್ನು ಎದುರಿಸದವರು ವಿರಳ. ಪುಟ ತೆರೆದುಕೊಳ್ಳುತ್ತದೆ, ಮೇಲಿನ ಮೆನು ಬರುತ್ತದೆ, ಕೋಷ್ಟಕದ ತಲೆಸಾಲೂ ಬರುತ್ತದೆ. ಅದರ ಕೆಳಗೆ ಏನೂ ಇರುವುದಿಲ್ಲ. ಸರ್ವರ್ 200 ಎಂಬ ಸಂಕೇತ ಕಳಿಸಿ ಕೆಲಸ ಸರಿಯಾಗಿ ಮುಗಿಯಿತೆಂದು ತಿಳಿಸಿರುತ್ತದೆ. ಲಾಗ್ ಕಡತದಲ್ಲಿ ದೋಷದ ಸುಳಿವಿಲ್ಲ. ಅದೇ ಡೇಟಾಬೇಸನ್ನು ನೇರವಾಗಿ ತೆರೆದು ನೋಡಿದರೆ ಸಾಲುಗಳು ಇದ್ದಲ್ಲೇ ಇವೆ.

ಖಾಲಿ ಉತ್ತರವೂ ಒಂದು ಸರಿಯಾದ ಉತ್ತರವೇ ಆಗಿರುವುದು ಈ ದೋಷದ ಮೂಲ. ಷರತ್ತಿಗೆ ಹೊಂದುವ ಸಾಲು ಇಲ್ಲದಿದ್ದರೆ ಡೇಟಾಬೇಸ್ ಸೊನ್ನೆ ಸಾಲು ಕೊಡುತ್ತದೆ, ಕೊಡಬೇಕಾದದ್ದೂ ಅದನ್ನೇ. ನಡುವಿನ ಪ್ರೋಗ್ರಾಮ್ ಆ ಖಾಲಿ ಪಟ್ಟಿಯನ್ನು ಹಾಗೇ ಮುಂದಕ್ಕೆ ದಾಟಿಸುತ್ತದೆ. ಟೆಂಪ್ಲೇಟ್ ಅದರ ಮೇಲೆ ಒಂದು ಸುತ್ತೂ ಹಾಕದೆ ಸುಮ್ಮನಾಗುತ್ತದೆ. ಮೂರೂ ಹಂತಗಳು ತಮ್ಮ ನಿಯಮದಂತೆ ನಡೆದಿವೆ, ಪುಟ ನೋಡುವವರಿಗೆ ಮಾತ್ರ ತಪ್ಪು ಮಾಹಿತಿ ಸಿಕ್ಕಿದೆ. ಪುಟ ಒಡೆದು ಬಿದ್ದರೆ ಯಾರಾದರೂ ದೂರು ಕೊಡುತ್ತಾರೆ; ಖಾಲಿ ಪಟ್ಟಿಯನ್ನು ಜನ ನಂಬಿಬಿಡುತ್ತಾರೆ. ಆಯ್ಕೆಪಟ್ಟಿಯಲ್ಲಿ ಹೆಸರಿದ್ದೂ ಕಾಣದೆ ಹಿಂದಿರುಗುವ ವಿದ್ಯಾರ್ಥಿಗೆ, ಕಪಾಟಿನಲ್ಲಿ ಪುಸ್ತಕವಿದ್ದೂ ಇಲ್ಲವೆನಿಸಿಕೊಳ್ಳುವ ಓದುಗನಿಗೆ ಆಗುವ ನಷ್ಟ ಲೆಕ್ಕಕ್ಕೆ ಸಿಗುವುದೇ ಇಲ್ಲ. ಆದ್ದರಿಂದ ಇದನ್ನು ಸಣ್ಣ ದೋಷವೆಂದು ಬದಿಗೆ ಸರಿಸುವಂತಿಲ್ಲ.

ಈ ಲೇಖನ ಪೈಥಾನ್ ಭಾಷೆಯ ಜ್ಯಾಂಗೊ ಚೌಕಟ್ಟನ್ನು ಮುಖ್ಯವಾಗಿ ಇಟ್ಟುಕೊಂಡಿದೆ. ಟೆಂಪ್ಲೇಟ್ ಮೌನವಾಗಿರಬೇಕೆಂಬುದನ್ನು ಅಲ್ಲಿ ನಿಯಮವಾಗಿಯೇ ಬರೆದಿಟ್ಟಿರುವುದರಿಂದ ದೋಷದ ಸ್ವರೂಪ ಅಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಹಿನ್ನೆಲೆ

ಸಾಲು ಮತ್ತು ಕಾಲಂಗಳ ಕೋಷ್ಟಕವಾಗಿ ಮಾಹಿತಿಯನ್ನು ಇಡುವ ರಿಲೇಷನಲ್ ಮಾದರಿಯನ್ನು ಐಬಿಎಂ ಸಂಸ್ಥೆಯ ಎಡ್ಗರ್ ಎಫ್. ಕಾಡ್ 1970ರಲ್ಲಿ ಪ್ರಕಟಿಸಿದರು. ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಮುಂದಿಟ್ಟ ಸೀಕ್ವೆಲ್ ಭಾಷೆ ಮುಂದೆ ಎಸ್‌ಕ್ಯುಎಲ್ ಆಗಿ ಬೆಳೆದು, 1986ರಲ್ಲಿ ಅಮೆರಿಕದ ಮಾನಕವಾಯಿತು. ಜ್ಯಾಂಗೊ ಹುಟ್ಟಿದ್ದು ಒಂದು ಪತ್ರಿಕಾ ಕಚೇರಿಯಲ್ಲಿ. ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಊರಿನ ಲಾರೆನ್ಸ್ ಜರ್ನಲ್-ವರ್ಲ್ಡ್ ಪತ್ರಿಕೆಯಲ್ಲಿ ಕೆಲಸಕ್ಕಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಅದನ್ನು ಕಟ್ಟತೊಡಗಿದರು. 2005ರ ಜುಲೈಯಲ್ಲಿ ಅದು ಮುಕ್ತ ತಂತ್ರಾಂಶವಾಗಿ ಹೊರಬಂತು. ಯಾವ ಕಾಲವಲಯವನ್ನೂ ಸೂಚಿಸದಿದ್ದರೆ ಜ್ಯಾಂಗೊ ಇಂದಿಗೂ ಅಮೆರಿಕದ ಷಿಕಾಗೊ ಸಮಯವನ್ನೇ ಹಿಡಿಯುತ್ತದೆ. ದಿನಾಂಕದ ಫಿಲ್ಟರುಗಳಲ್ಲಿ ಸಾಲು ಕಳೆದುಕೊಂಡವರು ಈ ಒಂದು ಸಂಗತಿಯನ್ನು ಮರೆಯುವುದಿಲ್ಲ.

ಜ್ಯಾಂಗೊದಲ್ಲಿ ಒಂದು ಕೋರಿಕೆ ಮೂರು ಕೈ ದಾಟುತ್ತದೆ. ಮಾಡೆಲ್ ಡೇಟಾಬೇಸಿನ ಜೊತೆ ಮಾತಾಡುತ್ತದೆ. ವ್ಯೂ ಬೇಕಾದ ಸಾಲುಗಳನ್ನು ಆರಿಸಿ, ಕಾಂಟೆಕ್ಸ್ಟ್ ಎಂಬ ಗಂಟಿನಲ್ಲಿ ಹೆಸರು ಹಚ್ಚಿ ಕಟ್ಟುತ್ತದೆ. ಟೆಂಪ್ಲೇಟ್ ಆ ಗಂಟನ್ನು ಬಿಚ್ಚಿ ಪುಟಕ್ಕೆ ಸುರಿಯುತ್ತದೆ. ಸಾಲುಗಳು ಕಾಣೆಯಾಗುವುದು ಹೆಚ್ಚಾಗಿ ಒಂದು ಕೈಯಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ.

ಟೆಂಪ್ಲೇಟಿನ ಮೌನ

ಗ್ರಂಥಾಲಯವೊಂದರ ಪುಸ್ತಕಪಟ್ಟಿಯ ಪುಟವನ್ನು ನೋಡೋಣ. ಕಾದಂಬರಿ ವಿಭಾಗದ ಪುಸ್ತಕಗಳನ್ನಷ್ಟೇ ತೋರಿಸಬೇಕು. ವ್ಯೂ ಸರಿಯಾಗಿ ಫಿಲ್ಟರ್ ಮಾಡಿ, ಫಲಿತಾಂಶಕ್ಕೆ ‘ಬುಕ್ಸ್’ ಎಂದು ಹೆಸರಿಟ್ಟು ಕಳಿಸಿದೆ. ಟೆಂಪ್ಲೇಟಿನಲ್ಲಿ ‘ಫಾರ್’ ಟ್ಯಾಗ್ ಮಾತ್ರ ‘ಬುಕ್_ಲಿಸ್ಟ್’ ಎಂಬುದರ ಮೇಲೆ ಸುತ್ತುತ್ತಿದೆ. ಪೈಥಾನ್ ಆಗಿದ್ದರೆ ಇಂಥ ಹೆಸರೇ ಇಲ್ಲವೆಂದು ಕೂಗಿ ನಿಲ್ಲುತ್ತಿತ್ತು. ಜ್ಯಾಂಗೊ ಟೆಂಪ್ಲೇಟ್ ಹಾಗೆ ಮಾಡುವುದಿಲ್ಲ. ಗೊತ್ತಿಲ್ಲದ ಹೆಸರನ್ನು ‘ನನ್’ ಎಂದು ಎಣಿಸಿ, ಅದನ್ನು ಖಾಲಿ ಪಟ್ಟಿಯೆಂದು ಭಾವಿಸಿ ಮುಂದೆ ಹೋಗುತ್ತದೆ.

ಇಂಥ ಹೆಸರಿನ ಗೊಂದಲ ಬರಿಯ ಕೈತಪ್ಪಿನಿಂದ ಬರುವುದಲ್ಲ. ಜ್ಯಾಂಗೊದ ಸಿದ್ಧ ಲಿಸ್ಟ್‌ವ್ಯೂ ಬಳಸಿದರೆ ಫಲಿತಾಂಶ ‘ಆಬ್ಜೆಕ್ಟ್_ಲಿಸ್ಟ್’ ಎಂದೂ, ಮಾಡೆಲ್ಲಿನ ಹೆಸರಿನೊಂದಿಗೆ ‘ಬುಕ್_ಲಿಸ್ಟ್’ ಎಂದೂ ತಾನಾಗಿಯೇ ಬರುತ್ತದೆ. ಒಬ್ಬರು ಅದನ್ನು ಬಿಟ್ಟು ಸಾದಾ ಫಂಕ್ಷನ್ ಬರೆದರೆ, ಇಲ್ಲವೇ ‘ಕಾಂಟೆಕ್ಸ್ಟ್_ಆಬ್ಜೆಕ್ಟ್_ನೇಮ್’ ಬದಲಿಸಿದರೆ, ಹಳೆಯ ಹೆಸರನ್ನು ನಂಬಿದ್ದ ಟೆಂಪ್ಲೇಟ್ ಆ ದಿನದಿಂದ ಖಾಲಿ.

ಈ ಮೌನವನ್ನು ಮುರಿಯಲೆಂದು ‘ಸ್ಟ್ರಿಂಗ್_ಇಫ್_ಇನ್‌ವ್ಯಾಲಿಡ್’ ಎಂಬ ಸೆಟ್ಟಿಂಗ್ ಇದೆ. ಅದಕ್ಕೊಂದು ಪಠ್ಯ ಕೊಟ್ಟರೆ ಗೊತ್ತಿಲ್ಲದ ಹೆಸರು ಬಂದಲ್ಲೆಲ್ಲ ಆ ಪಠ್ಯ ಅಚ್ಚಾಗುತ್ತದೆ. ಆದರೆ ‘ಇಫ್’, ‘ಫಾರ್’ ಮತ್ತು ‘ರೀಗ್ರೂಪ್’ ಟ್ಯಾಗುಗಳಿಗೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ಪಟ್ಟಿಯ ಹೆಸರೇ ತಪ್ಪಿದ್ದರೆ ಈ ಸೆಟ್ಟಿಂಗ್ ಹಾಕಿಯೂ ಉಪಯೋಗವಿಲ್ಲ. ‘ಫಾರ್’ ಒಳಗಿನ ‘ಎಂಪ್ಟಿ’ ಭಾಗವೂ ಅಷ್ಟೆ. ಪುಸ್ತಕಗಳು ನಿಜಕ್ಕೂ ಇಲ್ಲದಿದ್ದಾಗಲೂ, ಹೆಸರು ತಪ್ಪಿದಾಗಲೂ ‘ಯಾವ ಪುಸ್ತಕವೂ ಇಲ್ಲ’ ಎಂಬ ಒಂದೇ ಮಾತನ್ನು ಅದು ಆಡುತ್ತದೆ. ಎಷ್ಟು ಸಾಲು ಬಂದಿವೆ ನೋಡೋಣವೆಂದು ‘ಲೆಂಗ್ತ್’ ಫಿಲ್ಟರ್ ಹಚ್ಚಿದರೆ ಗೊತ್ತಿಲ್ಲದ ಹೆಸರಿಗೂ ಅದು ಸೊನ್ನೆಯನ್ನೇ ಕೊಡುತ್ತದೆ. ಇಲ್ಲಿ ನೆರವಾಗುವುದು ‘ಪಿಪ್ರಿಂಟ್’ ಫಿಲ್ಟರ್. ಮೇಲಿನ ಸೆಟ್ಟಿಂಗ್ ಖಾಲಿ ಇದ್ದಾಗ ತಪ್ಪು ಹೆಸರಿಗೆ ಅದು ಬರಿಯ ಎರಡು ಉದ್ಧರಣ ಚಿಹ್ನೆಗಳನ್ನು ತೋರಿಸುತ್ತದೆ; ಹೆಸರು ಸರಿಯಿದ್ದು ಸಾಲುಗಳಿಲ್ಲದಿದ್ದರೆ ‘ಕ್ವೆರಿಸೆಟ್’ ಎಂಬ ಪದದ ಪಕ್ಕ ಖಾಲಿ ಆವರಣ ತೋರಿಸುತ್ತದೆ. ಈ ಎರಡರ ವ್ಯತ್ಯಾಸ ಕಂಡ ಕೂಡಲೆ ಹುಡುಕುವ ಜಾಗ ಅರ್ಧ ಕಡಿಮೆಯಾಗುತ್ತದೆ.

ಪಟ್ಟಿಯ ಬುಲೆಟ್ ಗುರುತುಗಳು ಬಂದಿವೆ, ಅವುಗಳ ಮುಂದೆ ಪಠ್ಯವಿಲ್ಲ ಎಂಬುದು ಬೇರೆಯೇ ಲಕ್ಷಣ. ಸಾಲುಗಳು ತಲುಪಿವೆ, ಅವುಗಳೊಳಗಿನ ಫೀಲ್ಡಿನ ಹೆಸರು ತಪ್ಪಿದೆ ಎಂದು ಇದರರ್ಥ. ವ್ಯೂನಲ್ಲಿ ‘ವ್ಯಾಲ್ಯೂಸ್’ ಬಳಸಿ ಎರಡೇ ಕಾಲಂ ತರಿಸಿಕೊಂಡು ಟೆಂಪ್ಲೇಟಿನಲ್ಲಿ ಮೂರನೆಯದನ್ನು ಕೇಳಿದಾಗಲೂ ಹೀಗೇ ಆಗುತ್ತದೆ. ಸಂಬಂಧಿಸಿದ ಸಾಲು ಇಲ್ಲದಾಗ ಏಳುವ ‘ಡಸ್‌ನಾಟ್‌ಎಗ್ಸಿಸ್ಟ್’ ದೋಷವನ್ನೂ ಟೆಂಪ್ಲೇಟ್ ನುಂಗಿಕೊಳ್ಳುತ್ತದೆ. ಆ ದೋಷಕ್ಕೆ ಸದ್ದಿಲ್ಲದೆ ಅಡಗುವ ಗುರುತನ್ನು ಜ್ಯಾಂಗೊದಲ್ಲೇ ಹಚ್ಚಿದೆ.

ಟೆಂಪ್ಲೇಟಿನ ರಚನೆಯೂ ಸಾಲುಗಳನ್ನು ಬಚ್ಚಿಡಬಲ್ಲದು. ‘ಎಕ್ಸ್‌ಟೆಂಡ್ಸ್’ ಮೂಲಕ ತಾಯಿ ಟೆಂಪ್ಲೇಟನ್ನು ಹಿಡಿದ ಕಡತದಲ್ಲಿ ‘ಬ್ಲಾಕ್’ ಹೊರಗೆ ಬರೆದದ್ದೇನೂ ಪುಟಕ್ಕೆ ಬರುವುದಿಲ್ಲ. ಬ್ಲಾಕಿನ ಹೆಸರು ತಾಯಿಯಲ್ಲಿ ‘ಕಂಟೆಂಟ್’, ಮಗುವಿನಲ್ಲಿ ‘ಕಂಟೆಂಟ್ಸ್’ ಎಂದಿದ್ದರೂ ಅಷ್ಟೇ, ಇಡೀ ಭಾಗ ಮಾಯ. ‘ಇನ್‌ಕ್ಲೂಡ್’ ಜೊತೆ ‘ಓನ್ಲಿ’ ಸೇರಿಸಿದರೆ ಕೈಯಾರೆ ಕೊಟ್ಟ ಹೆಸರುಗಳನ್ನು ಬಿಟ್ಟು ಬೇರೇನೂ ಒಳಗಿನ ಕಡತಕ್ಕೆ ಹೋಗುವುದಿಲ್ಲ. ಇನ್ನು ಸಾಲುಗಳು ಎಚ್‌ಟಿಎಂಎಲ್‌ವರೆಗೂ ಬಂದು ಸಿಎಸ್‌ಎಸ್ ನಿಯಮದಿಂದ ಮರೆಯಾಗಿರುವುದೂ ಉಂಟು. ಬ್ರೌಸರಿನಲ್ಲಿ ಪುಟದ ಸೋರ್ಸ್ ತೆರೆದರೆ ಇದು ಕೂಡಲೆ ತಿಳಿಯುತ್ತದೆ.

ವ್ಯೂನಲ್ಲಿ ಕಳೆದುಹೋಗುವುದು

ಮಾಡೆಲ್ ಕೊಡುವ ಸಾಲುಗಳ ಪಟ್ಟಿಗೆ ಜ್ಯಾಂಗೊದಲ್ಲಿ ಕ್ವೆರಿಸೆಟ್ ಎಂದು ಹೆಸರು. ಅದರ ಮೇಲೆ ‘ಫಿಲ್ಟರ್’ ಕರೆದರೆ ಹಳೆಯದು ಬದಲಾಗುವುದಿಲ್ಲ, ಹೊಸದೊಂದು ಹುಟ್ಟುತ್ತದೆ. ಅದನ್ನು ಹಿಡಿದಿಟ್ಟುಕೊಳ್ಳದೆ ಹಳೆಯದನ್ನೇ ಟೆಂಪ್ಲೇಟಿಗೆ ಕಳಿಸಿದರೆ ಫಿಲ್ಟರ್ ಆಗದ ಇಡೀ ಪಟ್ಟಿ ಬರುತ್ತದೆ. ಪೈಥಾನ್ 3ರ ಸ್ವಂತ ‘ಫಿಲ್ಟರ್’ ಫಂಕ್ಷನ್ ಬಳಸಿದವರಿಗೆ ಕಾದಿರುವುದು ಇದಕ್ಕೆ ತಿರುಗಾದ ತೊಂದರೆ: ಅದು ಕೊಡುವ ವಸ್ತುವನ್ನು ಒಂದೇ ಸಲ ಓದಲು ಸಾಧ್ಯ. ವ್ಯೂನಲ್ಲಿ ಎಣಿಸಲೆಂದು ಒಮ್ಮೆ ಓದಿದರೆ ಟೆಂಪ್ಲೇಟಿಗೆ ಏನೂ ಉಳಿಯುವುದಿಲ್ಲ.

ಲೇಖಕರ ಪುಟದಲ್ಲಿ ಅವರ ಲಭ್ಯ ಪುಸ್ತಕಗಳನ್ನಷ್ಟೇ ತೋರಿಸಬೇಕೆಂದಿಟ್ಟುಕೊಳ್ಳಿ. ಟೆಂಪ್ಲೇಟಿನಲ್ಲಿ ‘ಲೇಖಕರ ಎಲ್ಲ ಪುಸ್ತಕಗಳು’ ಎಂದು ಕೇಳಬಹುದು, ‘ಲಭ್ಯವಿರುವವು ಮಾತ್ರ’ ಎಂದು ಷರತ್ತು ಕೊಟ್ಟು ಕೇಳುವಂತಿಲ್ಲ. ಜ್ಯಾಂಗೊ ಟೆಂಪ್ಲೇಟ್ ಫಂಕ್ಷನ್‌ಗಳಿಗೆ ಆರ್ಗ್ಯುಮೆಂಟ್ ಕೊಡಲು ಬಿಡುವುದಿಲ್ಲ. ವ್ಯೂನಲ್ಲಿ ಎಷ್ಟೇ ಚೆನ್ನಾಗಿ ಫಿಲ್ಟರ್ ಮಾಡಿದ್ದರೂ ಟೆಂಪ್ಲೇಟ್ ಮತ್ತೆ ಲೇಖಕರ ಮೂಲಕವೇ ಪುಸ್ತಕಗಳನ್ನು ಕೇಳಿದರೆ ಆ ಫಿಲ್ಟರಿಗೆ ಬೆಲೆಯಿಲ್ಲ. ಜ್ಯಾಂಗೊ 1.7ರಲ್ಲಿ ಬಂದ ‘ಪ್ರೀಫೆಚ್’ ವಸ್ತು ಇದಕ್ಕೆ ಸರಿಯಾದ ಪರಿಹಾರ: ಫಿಲ್ಟರ್ ಆದ ಪಟ್ಟಿಯನ್ನು ‘ಟು_ಆಟ್ರ್’ ಮೂಲಕ ಬೇರೊಂದು ಹೆಸರಿನಲ್ಲಿ ಪ್ರತಿ ಲೇಖಕರಿಗೂ ಅಂಟಿಸಿ ಕಳಿಸಬಹುದು. ಟೆಂಪ್ಲೇಟ್ ಆ ಹೊಸ ಹೆಸರನ್ನೇ ಕೇಳಬೇಕು.

ಕ್ಲಾಸ್ ರೂಪದ ವ್ಯೂಗಳಲ್ಲಿ ಅಪಾಯಕಾರಿ ತಪ್ಪೊಂದಿದೆ. ‘ಇಂದಿನಿಂದ ಮುಂದಿನ ಕಾರ್ಯಕ್ರಮಗಳು’ ಎಂಬ ಫಿಲ್ಟರನ್ನು ‘ಗೆಟ್_ಕ್ವೆರಿಸೆಟ್’ ಒಳಗೆ ಬರೆಯದೆ ಕ್ಲಾಸಿನ ಮೈಯಲ್ಲೇ ಬರೆದರೆ, ‘ಇಂದು’ ಎಂಬುದು ಸರ್ವರ್ ಶುರುವಾದ ಗಳಿಗೆಯಲ್ಲಿ ನಿಂತುಬಿಡುತ್ತದೆ. ಬರೆದವರ ಕಂಪ್ಯೂಟರಿನಲ್ಲಿ ಸರ್ವರ್ ಮತ್ತೆ ಮತ್ತೆ ಹೊಸದಾಗಿ ಏಳುವುದರಿಂದ ಅಲ್ಲಿ ಎಲ್ಲ ಸರಿ. ಜನರ ಬಳಕೆಗೆ ಬಿಟ್ಟ ಸರ್ವರ್ ವಾರಗಟ್ಟಲೆ ಓಡಿದಾಗ ಪಟ್ಟಿ ಮೆಲ್ಲಗೆ ಕೆಡುತ್ತದೆ. ಇದನ್ನು ಪತ್ತೆಮಾಡುವುದು ಕಷ್ಟ, ಏಕೆಂದರೆ ಸರ್ವರನ್ನು ಮರುಚಾಲೂ ಮಾಡಿದೊಡನೆ ದೋಷ ತಾನಾಗಿ ಹೋಗಿ, ಸರಿಪಡಿಸಿದೆವೆಂಬ ಭ್ರಮೆ ಹುಟ್ಟುತ್ತದೆ.

ಹುಡುಕು ಪೆಟ್ಟಿಗೆಯಿಂದ ಬರುವ ಷರತ್ತುಗಳನ್ನೂ ನಂಬುವಂತಿಲ್ಲ. ಬಳಕೆದಾರರು ವಿಭಾಗವನ್ನು ಆರಿಸದೆ ಬಿಟ್ಟರೆ ಬರುವುದು ಖಾಲಿ ಸ್ಟ್ರಿಂಗ್. ಅದನ್ನು ಹಾಗೇ ಫಿಲ್ಟರಿಗೆ ಕೊಟ್ಟರೆ ವಿಭಾಗದ ಹೆಸರು ಖಾಲಿಯಿರುವ ಪುಸ್ತಕಗಳನ್ನು ಹುಡುಕಿದಂತಾಗುತ್ತದೆ, ಅಂಥವು ಇರುವುದಿಲ್ಲ. ಒಂದೇ ಹೆಸರಿನಲ್ಲಿ ಹಲವು ಟಿಕ್ ಪೆಟ್ಟಿಗೆಗಳಿದ್ದಾಗ ‘ಗೆಟ್’ ಕೊನೆಯದನ್ನು ಮಾತ್ರ ಕೊಡುತ್ತದೆ. ಎಲ್ಲವೂ ಬೇಕಿದ್ದರೆ ‘ಗೆಟ್‌ಲಿಸ್ಟ್’ ಕೇಳಬೇಕು. ಮೊದಲ ಪುಟದಲ್ಲಿ ಸರಿಯಿದ್ದ ಫಿಲ್ಟರ್ ಎರಡನೆಯ ಪುಟಕ್ಕೆ ಹೋದಾಗ ಇಲ್ಲವಾಗುವುದೂ ಬಹಳ ಕಂಡುಬರುತ್ತದೆ. ‘ಮುಂದಿನ ಪುಟ’ ಎಂಬ ಲಿಂಕು ಪುಟದ ಸಂಖ್ಯೆಯನ್ನಷ್ಟೇ ಒಯ್ದು ಹುಡುಕಿದ ಪದವನ್ನು ಬಿಟ್ಟುಬಿಟ್ಟಿರುತ್ತದೆ. 2024ರಲ್ಲಿ ಬಂದ ಜ್ಯಾಂಗೊ 5.1 ಇದಕ್ಕೆಂದೇ ‘ಕ್ವೆರಿಸ್ಟ್ರಿಂಗ್’ ಎಂಬ ಟೆಂಪ್ಲೇಟ್ ಟ್ಯಾಗ್ ಕೊಟ್ಟಿದೆ.

ಕ್ವೆರಿಯಲ್ಲೇ ಸಾಲು ಜಾರುವುದು

ಎಸ್‌ಕ್ಯುಎಲ್‌ನಲ್ಲಿ ಷರತ್ತಿಗೆ ನಿಜ, ಸುಳ್ಳು ಎಂಬ ಎರಡೇ ಉತ್ತರಗಳಿಲ್ಲ. ‘ತಿಳಿಯದು’ ಎಂಬ ಮೂರನೆಯದೂ ಇದೆ. ಬೆಲೆ ತುಂಬದ ಕಾಲಂ ನಲ್ ಆಗಿರುತ್ತದೆ, ನಲ್ ಜೊತೆಗಿನ ಹೋಲಿಕೆಯ ಫಲ ‘ತಿಳಿಯದು’. ‘ವೇರ್’ ಷರತ್ತು ‘ನಿಜ’ ಎಂದಾದ ಸಾಲುಗಳನ್ನು ಮಾತ್ರ ಒಳಗೆ ಬಿಡುತ್ತದೆ. ಹೀಗಾಗಿ ‘ಸ್ಥಿತಿ ಹರಿದದ್ದು ಅಲ್ಲದ ಪುಸ್ತಕಗಳು’ ಎಂದು ಕೈಯಾರೆ ಎಸ್‌ಕ್ಯುಎಲ್ ಬರೆದರೆ, ಸ್ಥಿತಿಯನ್ನು ತುಂಬದೇ ಬಿಟ್ಟ ಒಳ್ಳೆಯ ಪುಸ್ತಕಗಳೂ ಬಿದ್ದುಹೋಗುತ್ತವೆ. ‘ನಾಟ್ ಇನ್’ ಪಟ್ಟಿಯೊಳಗೆ ಒಂದು ನಲ್ ಸೇರಿಕೊಂಡರಂತೂ ಒಂದು ಸಾಲೂ ಬರುವುದಿಲ್ಲ. ಜ್ಯಾಂಗೊದ ‘ಎಕ್ಸ್‌ಕ್ಲೂಡ್’ ಸಾಮಾನ್ಯ ಸಂದರ್ಭಗಳಲ್ಲಿ ನಲ್ ಸಾಲುಗಳನ್ನು ಉಳಿಸಿಕೊಳ್ಳುವಂತೆ ಎಸ್‌ಕ್ಯುಎಲ್ ಹೆಣೆಯುತ್ತದೆ. ಒಂದೇ ಷರತ್ತನ್ನು ಎರಡು ಬಗೆಯಲ್ಲಿ ಬರೆದಾಗ ಬೇರೆ ಬೇರೆ ಎಣಿಕೆ ಬರುವುದಕ್ಕೆ ಇದೂ ಕಾರಣ.

ಕೋಷ್ಟಕಗಳನ್ನು ಜೋಡಿಸುವಾಗಲೂ ಹೀಗೆಯೇ. ಇನ್ನರ್ ಜಾಯಿನ್‌ನಲ್ಲಿ ಜೊತೆ ಸಿಗದ ಸಾಲು ಉಳಿಯುವುದಿಲ್ಲ. ಲೆಫ್ಟ್ ಜಾಯಿನ್ ಹಾಕಿಯೂ ಬಲಬದಿಯ ಕೋಷ್ಟಕದ ಮೇಲೆ ‘ವೇರ್’ ಷರತ್ತು ಹಾಕಿದರೆ ಪರಿಣಾಮ ಅದೇ ಆಗುತ್ತದೆ.

ದಿನಾಂಕದ ವಿಷಯ ಭಾರತದಲ್ಲಿ ವಿಶೇಷವಾಗಿ ಕಾಡುತ್ತದೆ. ನಮ್ಮ ಸಮಯ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. 10ನೇ ತಾರೀಖು ಬೆಳಗಿನ 4 ಗಂಟೆಗೆ ಸೇರಿಸಿದ ಸಾಲು ಯುಟಿಸಿಯಲ್ಲಿ 9ನೇ ತಾರೀಖು ರಾತ್ರಿ 10:30ರದ್ದು. ಕಾಲವಲಯವನ್ನು ಯುಟಿಸಿ ಎಂದು ಸೂಚಿಸಿದ ಪುಟದಲ್ಲಿ ಬೆಳಗಿನ 5:30ರವರೆಗೆ ‘ಇಂದು’ ಎಂದರೆ ನಿನ್ನೆ. ಅವಧಿಯ ಫಿಲ್ಟರಿನಲ್ಲಿ ಇನ್ನೊಂದು ತೊಡಕಿದೆ: ಸಮಯವೂ ಇರುವ ಫೀಲ್ಡಿಗೆ 1ರಿಂದ 31ರವರೆಗೆ ಎಂದು ಬರಿಯ ದಿನಾಂಕ ಕೊಟ್ಟರೆ ಕೊನೆಯ ಮಿತಿ 31ರ ನಡುರಾತ್ರಿ ಸೊನ್ನೆ ಗಂಟೆಗೇ ನಿಲ್ಲುತ್ತದೆ, 31ರಂದು ಹಗಲೆಲ್ಲ ಸೇರಿಸಿದ ಸಾಲುಗಳು ಹೊರಗೆ. ಮುಂದಿನ ತಿಂಗಳ 1ನೇ ತಾರೀಖಿಗಿಂತ ಮೊದಲು ಎಂದು ಬರೆಯುವುದೇ ಕ್ಷೇಮ. ಮೈಎಸ್‌ಕ್ಯುಎಲ್‌ನಲ್ಲಿ ಕಾಲವಲಯದ ಕೋಷ್ಟಕಗಳನ್ನು ತುಂಬದೆ ಬಿಟ್ಟಿದ್ದರೆ ‘ಕನ್ವರ್ಟ್_ಟಿಜಡ್’ ನಲ್ ಕೊಡುತ್ತದೆ, ದಿನಾಂಕದ ಫಿಲ್ಟರ್ ಸದ್ದಿಲ್ಲದೆ ಖಾಲಿಯಾಗುತ್ತದೆ.

ಕನ್ನಡ ಪಠ್ಯದ ತೊಡಕುಗಳು

ಕನ್ನಡದಲ್ಲಿ ಮಾಹಿತಿ ಇಟ್ಟವರಿಗೆ ಮೇಲಿನವೆಲ್ಲ ಸಾಲದೆಂಬಂತೆ ಇನ್ನೊಂದು ಬಗೆಯ ಕಾಣೆಯಾಗುವಿಕೆ ಇದೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪದಗಳು ಡೇಟಾಬೇಸಿಗೆ ಬೇರೆ ಬೇರೆ ಆಗಬಲ್ಲವು. ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎ ಮತ್ತು ಊ ಸ್ವರಗಳ ಎರಡು ಚಿಹ್ನೆಗಳಾಗಿಯೂ ಬರೆಯಬಹುದು. ‘ಕೋ’ ಮೂರು ಚಿಹ್ನೆಗಳಾಗಿಯೂ ಒಡೆಯುತ್ತದೆ. ತೆರೆಯ ಮೇಲೆ ವ್ಯತ್ಯಾಸವಿಲ್ಲ. ಸಂಕೇತಗಳನ್ನೇ ಹೋಲಿಸುವ ಪೋಸ್ಟ್‌ಗ್ರೆಸ್ ಅಥವಾ ಎಸ್‌ಕ್ಯುಲೈಟ್‌ಗೆ ಅವು ಒಂದಲ್ಲ. ಪೈಥಾನಿನ ‘ಯೂನಿಕೋಡ್‌ಡೇಟಾ’ ಮಾಡ್ಯೂಲ್ ಬಳಸಿ, ಒಳಬರುವ ಪಠ್ಯವನ್ನೂ ಹುಡುಕುವ ಪದವನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದರೆ ಈ ತೊಡಕು ನೀಗುತ್ತದೆ.

ಆದರೆ ಎನ್‌ಎಫ್‌ಸಿಯಿಂದ ಹೋಗದ ಒಂದು ಸಂಕೇತವಿದೆ: ‘ರಾಜ್‌ಕುಮಾರ್’ ಎಂದು ಬರೆಯುವಾಗ ಜ್ ಮತ್ತು ಕು ಒತ್ತಾಗದಂತೆ ತಡೆಯುವ ಝೀರೊ ವಿಡ್ತ್ ನಾನ್-ಜಾಯ್ನರ್. ಪದದ ನಡುವೆ ಅದಕ್ಕೆ ಕೆಲಸವಿದೆ. ಪದದ ಕೊನೆಯಲ್ಲಿ, ‘ಕಾರ್ನಾಡ್’ ಎಂಬುದರ ತುದಿಗೆ ಅಂಟಿಕೊಂಡರೆ ಮಾತ್ರ ಕಣ್ಣಿಗೆ ಕಾಣುವುದಿಲ್ಲ, ಆದರೆ ಹೋಲಿಕೆಯನ್ನು ಕೆಡಿಸುತ್ತದೆ. ಪೈಥಾನಿನ ‘ಸ್ಟ್ರಿಪ್’ ಕೂಡ ಇದನ್ನು ಖಾಲಿ ಜಾಗವೆಂದು ಎಣಿಸದೆ ಹಾಗೇ ಬಿಡುತ್ತದೆ. ಹುಡುಕಾಟಕ್ಕೆಂದೇ ಪ್ರತ್ಯೇಕ ಕಾಲಂ ಇಟ್ಟು, ಅದರಲ್ಲಿ ಈ ಸಂಕೇತಗಳನ್ನು ತೆಗೆದ ರೂಪವನ್ನು ಉಳಿಸುವುದು ಉತ್ತಮ. ಮೂಲ ಬರವಣಿಗೆಯನ್ನು ಮುಟ್ಟಬಾರದು.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಮಾಹಿತಿ ಒಳಗೆ ಲ್ಯಾಟಿನ್ ಅಕ್ಷರಗಳಾಗಿಯೇ ಉಳಿದಿರುತ್ತದೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡವಾಗಿ ಕಾಣುತ್ತದೆ, ಯೂನಿಕೋಡ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಳೆಯ ಕಡತಗಳಿಂದ ಬಂದ ಮಾಹಿತಿಯನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೆಯೇ ಡೇಟಾಬೇಸಿಗೆ ಸೇರಿಸಬೇಕು. ಅಂಕಿಗಳಲ್ಲೂ ಇದೇ ಕತೆ: ಸ್ಟ್ರಿಂಗ್ ಆಗಿ ಇಟ್ಟ ‘೧೯೭೦’ ಮತ್ತು ‘1970’ ಹೊಂದುವುದಿಲ್ಲ, ಆದರೆ ಪೈಥಾನಿನ ‘ಇಂಟ್’ ಎರಡನ್ನೂ ಒಂದೇ ಸಂಖ್ಯೆಯಾಗಿ ಓದುತ್ತದೆ. ಇಸವಿಯನ್ನು ಸಂಖ್ಯೆಯಾಗಿ ಇಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಊರಿನ ಹೆಸರುಗಳೂ ಬದಲಾಗುತ್ತವೆ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರುಗಳು ಅಧಿಕೃತವಾಗಿ ಬದಲಾದವು. ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗಾ ಕಲಬುರಗಿಯಾಯಿತು. ಅದಕ್ಕೆ ಮೊದಲು ಸೇರಿಸಿದ ಸಾಲುಗಳು ಹಳೆಯ ಹೆಸರಿನಲ್ಲೇ ಇದ್ದರೆ ಹೊಸ ಹೆಸರಿನ ಫಿಲ್ಟರಿಗೆ ಅವು ಸಿಗವು. ಊರನ್ನು ಹೆಸರಿನಿಂದ ಗುರುತಿಸದೆ ಸಂಕೇತ ಸಂಖ್ಯೆಯಿಂದ ಗುರುತಿಸಿದ್ದಲ್ಲಿ ಈ ತೊಂದರೆ ಬರುವುದಿಲ್ಲ.

ಪತ್ತೆಯ ದಾರಿ

ಊಹೆಯ ಮೇಲೆ ಕೋಡ್ ತಿದ್ದಲು ಹೊರಡುವುದು ಇಲ್ಲಿ ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಮೊದಲು ನಡುವಿನಿಂದ ಹಿಡಿಯಬೇಕು: ವ್ಯೂ ಟೆಂಪ್ಲೇಟಿಗೆ ಕಳಿಸುವ ಸ್ವಲ್ಪ ಮೊದಲು ಸಾಲುಗಳ ಎಣಿಕೆಯನ್ನು ಅಚ್ಚುಮಾಡಿ ನೋಡುವುದು. ಅಚ್ಚೇ ಆಗದಿದ್ದರೆ ಆ ವಿಳಾಸಕ್ಕೆ ಉತ್ತರಿಸುತ್ತಿರುವುದು ಬೇರೆ ವ್ಯೂ, ಇಲ್ಲವೇ ಮೊದಲೇ ತಯಾರಾದ ಪುಟವನ್ನು ಉಳಿಸಿಟ್ಟ ಕ್ಯಾಶ್. ಜ್ಯಾಂಗೊ ವಿಳಾಸಗಳ ಪಟ್ಟಿಯಲ್ಲಿ ಮೊದಲು ಹೊಂದಿದ್ದನ್ನೇ ಹಿಡಿಯುತ್ತದೆ. ಎಣಿಕೆ ಸರಿಯಿದ್ದರೆ ದೋಷ ಟೆಂಪ್ಲೇಟಿನದು ಅಥವಾ ಕ್ಯಾಶ್‌ನದು. ಸೊನ್ನೆಯಿದ್ದರೆ ಕ್ವೆರಿಯದು.

ಕ್ವೆರಿಯ ಕಡೆಗೆ ಹೊರಟ ಮೇಲೆ ಶೆಲ್ ತೆರೆದು ಷರತ್ತುಗಳನ್ನು ಒಂದೊಂದಾಗಿ ಕಳಚುತ್ತ ಎಣಿಕೆ ನೋಡುವುದು ನೇರವಾದ ದಾರಿ. ಯಾವ ಷರತ್ತು ತೆಗೆದಾಗ ಸಾಲು ಮರಳಿತೋ ತಪ್ಪು ಅಲ್ಲಿದೆ. ಆ ಷರತ್ತಿನ ಬೆಲೆಯನ್ನೂ ಡೇಟಾಬೇಸಿನಲ್ಲಿರುವ ಬೆಲೆಯನ್ನೂ ‘ಆಸ್ಕಿ’ ಫಂಕ್ಷನ್ ಮೂಲಕ ಅಚ್ಚುಮಾಡಿದರೆ ಕಣ್ಣಿಗೆ ಕಾಣದ ಸಂಕೇತಗಳೂ ಹೊರಬೀಳುತ್ತವೆ. ಕನ್ನಡ ಪಠ್ಯಕ್ಕೆ ಇದು ಬಹಳ ಉಪಯುಕ್ತ. ಕ್ವೆರಿಸೆಟ್‌ನ ‘ಕ್ವೆರಿ’ಯನ್ನು ಅಚ್ಚುಮಾಡಿದರೆ ಎಸ್‌ಕ್ಯುಎಲ್ ಕಾಣುತ್ತದೆ, ಆದರೆ ಅದರಲ್ಲಿ ಬೆಲೆಗಳಿಗೆ ಉದ್ಧರಣ ಚಿಹ್ನೆ ಇರುವುದಿಲ್ಲ; ಹಾಗೇ ನಕಲಿಸಿ ಡೇಟಾಬೇಸಿನಲ್ಲಿ ಓಡಿಸಿದರೆ ಬೇರೆ ದೋಷ ಬರಬಹುದು. ‘ಇನ್’ ಷರತ್ತಿಗೆ ಖಾಲಿ ಪಟ್ಟಿ ಕೊಟ್ಟಿದ್ದರೆ ಜ್ಯಾಂಗೊ ಡೇಟಾಬೇಸನ್ನು ಕೇಳುವುದೇ ಇಲ್ಲ. ಜ್ಯಾಂಗೊ ಡಿಬಗ್ ಟೂಲ್‌ಬಾರ್ ಹಾಕಿಕೊಂಡರೆ ಒಂದು ಪುಟಕ್ಕೆ ಓಡಿದ ಎಲ್ಲ ಕ್ವೆರಿಗಳೂ, ಟೆಂಪ್ಲೇಟಿಗೆ ಹೋದ ಹೆಸರುಗಳೂ ಬ್ರೌಸರಿನಲ್ಲೇ ಕಾಣುತ್ತವೆ.

ಡೇಟಾಬೇಸಿನಲ್ಲಿ ಸಾಲು ಕಣ್ಣಾರೆ ಕಾಣುತ್ತಿದೆ, ಪುಟದಲ್ಲಿಲ್ಲ ಎಂಬಲ್ಲಿ ಇನ್ನೊಂದನ್ನೂ ನೋಡಬೇಕು: ಆ ಸಾಲನ್ನು ಸೇರಿಸಿದ ಕಿಟಕಿಯಲ್ಲಿ ಕಮಿಟ್ ಆಗಿದೆಯೇ? ಟ್ರಾನ್ಸಾಕ್ಷನ್ ಮುಗಿಯುವವರೆಗೆ ಸೇರಿಸಿದವರಿಗೆ ಮಾತ್ರ ಅದು ಕಾಣುತ್ತದೆ. ಅಳಿಸಿದ್ದನ್ನು ಮರೆಮಾಡಲು ಬರೆದ ಸ್ವಂತ ಮ್ಯಾನೇಜರ್ (ಮಾಡೆಲ್ಲಿಗೆ ಕ್ವೆರಿಸೆಟ್ ಒದಗಿಸುವ ಭಾಗ) ಎಲ್ಲ ಕ್ವೆರಿಗಳಿಗೂ ಗುಟ್ಟಾಗಿ ಒಂದು ಷರತ್ತು ಸೇರಿಸುತ್ತಿರುವುದೂ ಉಂಟು.

ಬೇರೆ ವ್ಯವಸ್ಥೆಗಳಲ್ಲೂ ದೋಷದ ಬಗೆ ಇದೇ, ಸದ್ದಿನ ಮಟ್ಟ ಬೇರೆ. ಪೈಥಾನಿನ ಜಿಂಜಾ ಟೆಂಪ್ಲೇಟ್ ಸಹಜವಾಗಿ ಮೌನಿ, ‘ಸ್ಟ್ರಿಕ್ಟ್‌ಅನ್‌ಡಿಫೈನ್ಡ್’ ಆರಿಸಿಕೊಂಡರೆ ತಪ್ಪು ಹೆಸರಿಗೆ ನಿಂತುಬಿಡುತ್ತದೆ. ಪಿಎಚ್‌ಪಿಯ ಟ್ವಿಗ್‌ನಲ್ಲೂ ಅಂಥ ಕಟ್ಟುನಿಟ್ಟಿನ ಆಯ್ಕೆ ಇದೆ. ವರ್ಡ್‌ಪ್ರೆಸ್ ಒಂದು ಪುಟಕ್ಕೆ 10 ಬರಹಗಳೆಂಬ ಮೂಲ ಮಿತಿ ಇಟ್ಟುಕೊಂಡಿದೆ. ಹನ್ನೊಂದನೆಯದು ಎಲ್ಲಿ ಹೋಯಿತೆಂದು ಹುಡುಕುವವರು ಮೊದಲು ಅದನ್ನು ನೋಡಬೇಕು. ಹೊಸ ಕೆಲಸಕ್ಕೆ ಆಯ್ಕೆ ಕೈಯಲ್ಲಿದ್ದರೆ ಕಟ್ಟುನಿಟ್ಟಿನ ಬಗೆಯನ್ನೇ ಆರಿಸಿಕೊಳ್ಳುವುದು ಮೇಲು.

ಜ್ಯಾಂಗೊದಲ್ಲಿ ಅಂಥ ಆಯ್ಕೆ ಇಲ್ಲದಿರುವುದರಿಂದ ಕಾವಲನ್ನು ಟೆಸ್ಟುಗಳೇ ಹೊರಬೇಕು. ಟೆಸ್ಟ್ ಕ್ಲೈಂಟ್ ಪುಟವನ್ನು ತರಿಸಿಕೊಂಡಾಗ ಅದರ ‘ಕಾಂಟೆಕ್ಸ್ಟ್’ ಕೂಡ ಕೈಗೆ ಸಿಗುತ್ತದೆ. ಅಲ್ಲಿರುವ ಪಟ್ಟಿಯನ್ನೂ, ‘ಅಸರ್ಟ್‌ಕಂಟೇನ್ಸ್’ ಮೂಲಕ ಪುಟದ ಪಠ್ಯವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಮೊದಲನೆಯದು ಗೆದ್ದು ಎರಡನೆಯದು ಸೋತರೆ ದೋಷ ಟೆಂಪ್ಲೇಟಿನಲ್ಲಿದೆ. ಪರೀಕ್ಷೆಗೆ ಹಾಕುವ ಸಾಲುಗಳಲ್ಲಿ ಷರತ್ತಿಗೆ ಹೊಂದುವುದೊಂದು, ಹೊಂದದ್ದೊಂದು, ಆ ಕಾಲಂ ನಲ್ ಆಗಿರುವುದೊಂದು, ಬೆಳಗಿನ 5:30ಕ್ಕೆ ಮೊದಲು ಸೇರಿಸಿದ್ದೊಂದು ಇರಬೇಕು. ಕನ್ನಡದ ಪುಟವಾದರೆ ಕೊನೆಯಲ್ಲಿ ನಾನ್-ಜಾಯ್ನರ್ ಅಂಟಿದ ಹೆಸರಿನ ಸಾಲೂ ಒಂದಿರಬೇಕು.